ಕಾಂಡ್ಲ ನೋಡಲು ಕೊಟ್ಟ ದುಡ್ಡು

ಒಂಬತ್ತು ವರ್ಷದ ಮಗಳು ಊಟಕ್ಕೆ ಕೂತಾಗ, ಎಲ್ಲರ ಎದುರಿಗೆ, "ಅಪ್ಪ ಪಾಕ್ ಚಿಕ್ ಹತ್ರ ಸುಳ್ಳು ಹೇಳಿದ" ಅಂದರೆ ಏನು ಮಾಡುವುದು? ನಾನು ತಲೆ ತಗ್ಗಿಸಿ ಮೀನಿನ ಮುಳ್ಳು ತೆಗೆಯತೊಡಗಿದೆ. ಹೆಂಡತಿ ನನ್ನ ಮುಖ ನೋಡಿದಳು. ಪುಣ್ಯಕ್ಕೆ ಪಾಕ್ ಚಿಕ್‌ಗೆ ಕನ್ನಡ ಬರುವುದಿಲ್ಲ.

ಮಲಯ್ ಭಾಷೆಯಲ್ಲಿ ಪಾಕ್ ಚಿಕ್ ಅಂದರೆ ಚಿಕ್ಕಪ್ಪ, ಮಾಮ, ಹಾಗೆ ಏನಾದರೂ ಅಂದುಕೊಳ್ಳಿ. ಆವತ್ತು ನಮ್ಮನ್ನು ಕಯಾಕ್‌ನಲ್ಲಿ ಕರೆದುಕೊಂಡು ಹೋದ ಗೈಡ್ ಅವರು. ಅರವತ್ತರ ಆಸುಪಾಸು. ಬಿಸಿಲಿಗೆ ಒಣಗಿದ ಸಣಕಲು ಮೈ, ಮಾತು ಕಮ್ಮಿ, ನಗು ಜಾಸ್ತಿ. ಹೆಸರು ಹೇಳಿದ್ದರು. ಆದರೆ ಮಗಳು ಐದೇ ನಿಮಿಷಕ್ಕೆ ಅವರನ್ನು ಪಾಕ್ ಚಿಕ್ ಮಾಡಿಬಿಟ್ಟಳು. ಇಲ್ಲೇ, ಮಲೇಷ್ಯಾದಲ್ಲೇ ಹುಟ್ಟಿದ ಮಗು. ಅವಳಿಗೆ ಅದೆಲ್ಲ ಸಲೀಸು.

ಶಾಲೆಗೆ ರಜೆ ಇತ್ತು, ಲಂಕಾವಿಗೆ ಹೋಗಿದ್ದೆವು. ಕ್ವಾಲಾಲಂಪುರದಿಂದ ವಿಮಾನದಲ್ಲಿ ಒಂದು ಗಂಟೆ. ಥಾಯ್ಲೆಂಡಿನ ಗಡಿಯ ಪಕ್ಕದಲ್ಲಿ 99 ದ್ವೀಪಗಳ ಗುಂಪು. ನೀರು ಇಳಿದಾಗ ಎಣಿಸಿದರೆ ಇನ್ನೂ ನಾಲ್ಕೈದು ಜಾಸ್ತಿ ಸಿಗುತ್ತವಂತೆ. 2007ರಲ್ಲಿ ಯುನೆಸ್ಕೊ ಇದನ್ನು ಜಿಯೋಪಾರ್ಕ್ ಅಂತ ಗುರುತಿಸಿದೆ. ದೊಡ್ಡ ದ್ವೀಪದ ಈಶಾನ್ಯ ಮೂಲೆಯಲ್ಲಿ ಕಿಲಿಮ್ ಹೊಳೆ. ಎರಡೂ ಕಡೆ ಸುಣ್ಣಕಲ್ಲಿನ ಗುಡ್ಡ, ಬುಡದಲ್ಲಿ ಮ್ಯಾಂಗ್ರೋವ್ ಕಾಡು. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸ್. ಒಬ್ಬರಿಗೆ 200 ರಿಂಗಿಟ್. ಈ ಸಂಖ್ಯೆ ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಮೋಟಾರ್ ದೋಣಿಯೊಂದು ನಮ್ಮನ್ನೂ ಕಯಾಕ್‌ಗಳನ್ನೂ ಹೊಳೆಯ ಮಧ್ಯದವರೆಗೆ ತಂದುಬಿಟ್ಟಿತು. ಒಂದು ಕಯಾಕ್‌ನಲ್ಲಿ ಇಬ್ಬರು. ಮಗಳು ಮುಂದೆ, ನಾನು ಹಿಂದೆ. ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಎಡಕ್ಕೆ ಒಂದು, ಬಲಕ್ಕೆ ಒಂದು ಅಂತ ಹಾಕಬೇಕು. ಮೊದಲ ಹತ್ತು ನಿಮಿಷ ನಾವು ಸುತ್ತಿದ್ದು ನಮ್ಮ ಸುತ್ತಲೇ. ಆಮೇಲೆ ಪಾಕ್ ಚಿಕ್ ಹಿಂದೆ ಒಂದು ಕವಲು ಹೊಳೆಗೆ ಹೊಕ್ಕೆವು. ದೋಣಿಗಳ ಸದ್ದು ಹಿಂದೆ ಉಳಿಯಿತು. ಮರಗಳು ಎರಡೂ ಕಡೆಯಿಂದ ಬಾಗಿ ಮೇಲೆ ಚಪ್ಪರ ಹಾಕಿದ್ದವು. ಇಳಿತದ ಹೊತ್ತು. ಕೆಸರು ಹೊರಗೆ ಬಿದ್ದಿತ್ತು. ಅದರ ಮೇಲೆ ಒಂದೇ ಕೈ ದೊಡ್ಡದಿರುವ ಏಡಿಗಳು ಆ ಕೈ ಆಡಿಸುತ್ತಾ ನಿಂತಿದ್ದವು, ಬಸ್ ನಿಲ್ಲಿಸುವವರ ಹಾಗೆ.

ಆಗ ವಾಸನೆ ಬಂತು. ಕೊಳೆತ ಮೊಟ್ಟೆಯ ವಾಸನೆ. ಪಕ್ಕದ ಕಯಾಕ್‌ನಲ್ಲಿದ್ದ ಹೆಂಡತಿ ಮೂಗು ಮುಚ್ಚಿಕೊಂಡಳು. ಅವಳು ತುಮಕೂರಿನವಳು, ಅವಳ ತಪ್ಪಲ್ಲ. ಕೆಸರಿನ ಒಳಗೆ ಗಾಳಿ ಹೋಗುವುದಿಲ್ಲ, ಹಾಗಾಗಿ ಎಲೆ ಕೊಳೆಯುವಾಗ ಆ ಗ್ಯಾಸ್ ಹುಟ್ಟುತ್ತದೆ ಅಂತ ಪಾಕ್ ಚಿಕ್ ವಿವರಿಸಿದರು. "ಇದು ಆರೋಗ್ಯದ ವಾಸನೆ" ಅಂದರು. ನಾನು ಏನೂ ಮಾತಾಡಲಿಲ್ಲ. ಉದ್ದಕ್ಕೆ ಉಸಿರು ಎಳೆದುಕೊಂಡೆ, ಅಷ್ಟೇ.

ಅವರು ಮಗಳಿಗೆ ಒಂದು ಎಲೆ ಕಿತ್ತು ಕೊಟ್ಟು ನೆಕ್ಕಲು ಹೇಳಿದರು. ಉಪ್ಪು! ಈ ಜಾತಿಯ ಮರ ಉಪ್ಪು ನೀರು ಕುಡಿದು ಹೆಚ್ಚಾದ ಉಪ್ಪನ್ನು ಎಲೆಯ ಮೇಲೆ ಹೊರಹಾಕುತ್ತದಂತೆ. ಅವಳು ಮೂರು ಎಲೆ ನೆಕ್ಕಿದಳು. ಮುಂದೆ ಇನ್ನೊಂದು ಮರ. ಬೇರುಗಳು ಜೇಡನ ಕಾಲಿನ ಹಾಗೆ ನೀರಿಗೆ ಇಳಿದಿದ್ದವು. ಕೊಂಬೆಯಿಂದ ನುಗ್ಗೆಕಾಯಿಯಂತೆ ಏನೋ ಜೋತಾಡುತ್ತಿತ್ತು. ಅದು ಕಾಯಿಯಲ್ಲ, ಸಸಿ. ಇದರ ಬೀಜ ಮರದಲ್ಲಿರುವಾಗಲೇ ಮೊಳೆಯುತ್ತದೆ, ಮೊಳಕೆ ಗೇಣುದ್ದ ಬೆಳೆದ ಮೇಲೆ ಕಳಚಿ ಬೀಳುತ್ತದೆ. ಇಳಿತದಲ್ಲಿ ಬಿದ್ದರೆ ನೇರ ಕೆಸರಿಗೆ ನೆಟ್ಟುಕೊಳ್ಳುತ್ತದೆ. ಭರತದಲ್ಲಿ ಬಿದ್ದರೆ ತೇಲುತ್ತಾ ಎಲ್ಲೋ ಹೋಗಿ ಬೇರು ಬಿಡುತ್ತದೆ. ಮಗಳಿಗೆ ತೇಲುತ್ತಿದ್ದ ಒಂದು ಸಿಕ್ಕಿತು. ಮನೆಗೆ ಒಯ್ಯುತ್ತೇನೆ ಅಂತ ಹಠ. ಪಾಕ್ ಚಿಕ್ ಬೇಡ ಅಂದರು. ಅದನ್ನು ಎತ್ತರದಿಂದ ಕೆಸರಿಗೆ ಬಿಡಲು ಹೇಳಿದರು. ಮೊದಲ ಎರಡು ಸಲ ಅಡ್ಡ ಬಿತ್ತು. ಮೂರನೇ ಸಲ ಚಕ್ಕನೆ ನಿಂತಿತು. ಅವಳ ಮುಖ ನೋಡಬೇಕಿತ್ತು!

ಅದೇ ಗಳಿಗೆಯಲ್ಲಿ ಅವರು ನನ್ನ ಕಡೆ ತಿರುಗಿ ಕೇಳಿದ್ದು. "ಇದಕ್ಕೆ ನಾವು ಬಾಕಾವ್ ಅನ್ನುತ್ತೇವೆ. ನಿಮ್ಮ ಊರಿನಲ್ಲಿ ಇದೆಯಾ?"

"ಇಲ್ಲ, ಇಲ್ಲ. ನಮ್ಮದು ಬೆಂಗಳೂರು" ಅಂದೆ.

ಹೊರದೇಶದಲ್ಲಿರುವ ನಮಗೆಲ್ಲ ಇದು ಅಭ್ಯಾಸ ಅಲ್ವಾ? ಬೀದರಿನವರೂ ಬೆಂಗಳೂರು, ಮಡಿಕೇರಿಯವರೂ ಬೆಂಗಳೂರು. ನಾನು ಬೆಂಗಳೂರಿನಲ್ಲೇ ಇದ್ದಾಗ "ಗೋಕರ್ಣದ ಹತ್ತಿರ" ಅನ್ನುತ್ತಿದ್ದೆ. ಗೋಕರ್ಣದಲ್ಲಿದ್ದಾಗ "ಕುಮಟೆ ಕಡೆ". ದೂರ ಹೋದಷ್ಟೂ ಊರಿನ ಹೆಸರು ದೊಡ್ಡದಾಗುತ್ತದೆ. ನಿಜವಾದ ಊರು ಮಿರ್ಜಾನ್ ಕೋಟೆಗೆ ಸಮೀಪ, ಅಘನಾಶಿನಿಯ ದಡದಲ್ಲಿ. ಮನೆಯ ಹಿಂದಿನ ತೆಂಗಿನ ಸಾಲು ದಾಟಿದರೆ ಹೊಳೆ. ಹೊಳೆಯ ಅಂಚಿಗೆ ಕಾಂಡ್ಲ. ಇದೇ ಮರ, ಇದೇ ಬೇರು, ಇದೇ ವಾಸನೆ.

ಆಮೇಲೆ ಬಂಡೆಗಳ ಬುಡಕ್ಕೆ ಹೋದೆವು. 40 ಕೋಟಿ ವರ್ಷಕ್ಕೂ ಹಳೆಯ ಕಲ್ಲು. ಒಂದು ಕಾಲಕ್ಕೆ ಸಮುದ್ರದ ತಳದಲ್ಲಿ ಜೀವಿಗಳ ಚಿಪ್ಪು ಸೇರಿ ಸೇರಿ ಆದದ್ದು. ನೀರು ತಾಗುವ ಮಟ್ಟದಲ್ಲಿ ಕಲ್ಲು ಒಳಕ್ಕೆ ಸವೆದು, ಇಡೀ ಗುಡ್ಡ ಅಣಬೆಯ ಹಾಗೆ ಕುತ್ತಿಗೆಯ ಮೇಲೆ ನಿಂತಿತ್ತು. ಅದರ ಕೆಳಗೆ ಕಯಾಕ್ ತೂರಿಸಿ ತಲೆ ಎತ್ತಿದರೆ ನನಗೆ ಕಂಡದ್ದು ಯಾಣ. ನಮ್ಮ ತಾಲ್ಲೂಕಿನದೇ ಯಾಣ. ಅದೂ ಸುಣ್ಣಕಲ್ಲೇ, ಬಣ್ಣ ಮಾತ್ರ ಕಪ್ಪು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಭಸ್ಮಾಸುರ ಸುಟ್ಟು ಹೋದದ್ದು ಅಲ್ಲೇ, ಅದಕ್ಕೇ ಮಣ್ಣು ಕಪ್ಪು ಅಂತ ಆಯಿ, ಅಂದರೆ ನನ್ನ ಅಮ್ಮ, ಹೇಳಿದ್ದನ್ನು ಹೈಸ್ಕೂಲಿನವರೆಗೂ ನಂಬಿದ್ದೆ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅಂತ ನಮ್ಮ ಕಡೆ ಗಾದೆ. ಯಾಣದಲ್ಲಿ ಹುಟ್ಟುವ ಚಂಡಿಹೊಳೆ ಬಂದು ಸೇರುವುದು ಅಘನಾಶಿನಿಗೆ. ಅಂದರೆ ನನ್ನ ಊರಿನ ಹೊಳೆಯಲ್ಲಿ ಸುಣ್ಣಕಲ್ಲಿನ ಗುಡ್ಡವೂ ಇದೆ, ಕಾಂಡ್ಲವೂ ಇದೆ. ಎರಡು ಪಕ್ಕಪಕ್ಕ ಇಲ್ಲ, ಅಷ್ಟೇ.

ಬಾವಲಿಗಳ ಗುಹೆ ನೋಡಿದೆವು. ಮಲಯ್‌ನಲ್ಲಿ ಗುಹೆಗೆ ಗುವಾ. "ನಮ್ಮಿಂದ ಕದ್ದಿದ್ದಾರೆ" ಅಂದಳು ಮಗಳು. ವಾಪಸ್ ಬರುವಾಗ ನೂರಾರು ಹಕ್ಕಿ ಆಕಾಶದಲ್ಲಿ ಸುತ್ತುತ್ತಿದ್ದವು. ಬಿಳಿ ಎದೆ, ಕೆಂಗಂದು ರೆಕ್ಕೆ. ಗರುಡ! ಲಂಕಾವಿ ಎಂಬ ಹೆಸರೇ ಈ ಹಕ್ಕಿಯಿಂದ ಬಂದದ್ದು ಅನ್ನುತ್ತಾರೆ. ಆಯಿ ಒಂದು ಗರುಡ ಕಂಡರೆ ಕೈಮುಗಿದು ಗಲ್ಲ ಮುಟ್ಟಿಕೊಳ್ಳುತ್ತಾಳೆ. ಇಲ್ಲಿ ದೊಡ್ಡ ದೋಣಿಗಳಿಂದ ಕೋಳಿಯ ಚರ್ಮ ಎಸೆಯುತ್ತಿದ್ದರು, ದೇವರ ವಾಹನ ಅದಕ್ಕೆ ಬಂದು ಎರಗುತ್ತಿತ್ತು. ಪಾಕ್ ಚಿಕ್ ಆ ಕಡೆ ನೋಡದೆ ಹುಟ್ಟು ಹಾಕಿದರು. "ಬೇಟೆ ಮರೆತುಬಿಡುತ್ತವೆ" ಅಂದರು. ಎಲ್ಲವೂ ಇಲ್ಲಿ ಚೆನ್ನಾಗಿದೆ ಅಂತ ಬರೆದು ನಿಮಗೆ ಹೊಟ್ಟೆ ಉರಿಸುವ ಆಸೆ ನನಗಿಲ್ಲ.

ಊಟ ತೇಲುವ ಹೋಟೆಲಿನಲ್ಲಿ. ಅಲ್ಲೇ ಮಗಳು ಬಾಂಬ್ ಹಾಕಿದ್ದು. "ಅಜ್ಜಿ ಫೋನಿನಲ್ಲಿ ತೋರಿಸ್ತಾಳಲ್ಲ, ತೆಂಗಿನ ಮರದ ಹಿಂದೆ ಹೊಳೆ? ಅಲ್ಲಿ ಇದೇ ಕಾಲು ಕಾಲು ಮರ ಇದೆ. ಮತ್ತೆ ಯಾಕೆ ಇಲ್ಲ ಅಂದೆ?"

"ಮರೆತು ಹೋಯ್ತು" ಅಂದೆ. ಅದು ಎರಡನೇ ಸುಳ್ಳು.

ಪಾಕ್ ಚಿಕ್ ಅಷ್ಟರಲ್ಲಿ ತಮ್ಮ ಕಥೆ ಶುರು ಮಾಡಿದ್ದರು. ಅವರ ಅಪ್ಪ ಇದೇ ಬಾಕಾವ್ ಕಡಿದು ಇದ್ದಿಲು ಸುಡುತ್ತಿದ್ದರಂತೆ. ಪೆರಾಕ್‌ನ ಕಡೆ ನಾನೂ ಆ ಭಟ್ಟಿಗಳನ್ನು ನೋಡಿದ್ದೇನೆ, ಇಟ್ಟಿಗೆಯ ಗುಮ್ಮಟಗಳು. ಅಲ್ಲಿ ಮಾತಾಂಗ್ ಎಂಬ ಕಾಂಡ್ಲ ಕಾಡಿದೆ. 1902ರಿಂದ ಲೆಕ್ಕ ಇಟ್ಟು ನೋಡಿಕೊಂಡು ಬಂದಿದ್ದಾರೆ. ಒಂದು ಕಡೆ ಕಡಿದರೆ ಮತ್ತೆ ಅಲ್ಲಿಗೆ ಕತ್ತಿ ಬರುವುದು 30 ವರ್ಷದ ಮೇಲೆ. "ನನ್ನ ಅಪ್ಪ ಕಡಿದ. ನಾನು ತೋರಿಸಿ ದುಡಿಯುತ್ತೇನೆ. ಮರ ಅದೇ" ಅಂತ ನಕ್ಕರು. ನಾಚಿಕೆಯೇ ಇಲ್ಲದೆ, ಸಲೀಸಾಗಿ.

ನನಗೆ ಅನ್ನ ಇಳಿಯಲಿಲ್ಲ.

ನಮ್ಮ ಪಾಲಿಗೆ ಎರಡು ಎಕರೆ ಗಜನಿ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗಜನಿ ಅಂದರೆ ಹೊಳೆಯ ಬಾಯಲ್ಲಿ, ಉಪ್ಪು ನೀರು ಬಂದು ಹೋಗುವ ಗದ್ದೆ. ಅಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ನೀರಿನಲ್ಲಿ ಮುಳುಗಿದರೂ, ಉಪ್ಪು ತಾಗಿದರೂ ಸಾಯುವುದಿಲ್ಲ. ಕೆಂಪಕ್ಕಿ. ಕೊಯ್ಲಾದ ಮೇಲೆ ಉಪ್ಪು ನೀರು ಬಿಟ್ಟರೆ ಗದ್ದೆಗೇ ಮೀನು ಬರುತ್ತದೆ. ಗದ್ದೆಗೂ ಹೊಳೆಗೂ ನಡುವೆ ಮಣ್ಣಿನ ಕಟ್ಟು, ಕಟ್ಟಿಗೆ ಕಾವಲು ಕಾಂಡ್ಲ. 90ರ ದಶಕದಲ್ಲಿ ಸಿಗಡಿಯ ಹುಚ್ಚು ಬಂತು. ಹೊರಗಿನ ಗುತ್ತಿಗೆದಾರನೊಬ್ಬ ಬಂದು ಅಪ್ಪನ ಕೈಗೆ ಅವನು ಯಾವತ್ತೂ ಕಾಣದಷ್ಟು ದುಡ್ಡು ಇಟ್ಟ. ಕೆರೆ ತೋಡಬೇಕು, ಕಾಂಡ್ಲ ಅಡ್ಡ ಬರುತ್ತದೆ ಅಂದ. ಬೇಸಿಗೆ ರಜೆಯಲ್ಲಿ ಅಪ್ಪನೂ ನಾನೂ ಎರಡು ದಿನ ಕಡಿದೆವು. ಕತ್ತಿ ಬಿದ್ದಲ್ಲಿ ಮರ ಒಳಗೆ ಕೆಂಪು. ಕೈಗೆ ಹತ್ತಿದ ಬಣ್ಣ ಸೋಪಿಗೆ ಹೋಗಲಿಲ್ಲ.

ಮೂರನೇ ವರ್ಷ ಸಿಗಡಿಗೆ ಬಿಳಿ ಚುಕ್ಕಿ ರೋಗ ಬಂತು. ಗುತ್ತಿಗೆದಾರ ಪಂಪ್ ಕಳಚಿಕೊಂಡು ಹೋದ. ಮುಂದಿನ ಮಳೆಗಾಲಕ್ಕೆ ಕಟ್ಟು ಒಡೆಯಿತು. ಬಾವಿಗೆ ಉಪ್ಪು ಬಂತು. ಕಗ್ಗ ಆಮೇಲೆ ನಮ್ಮ ಮನೆಗೆ ಬರಲೇ ಇಲ್ಲ. ಅಷ್ಟರಲ್ಲಿ ನನ್ನ ಇಂಜಿನಿಯರಿಂಗಿನ ಮೊದಲೆರಡು ವರ್ಷದ ಫೀಸು ಕಟ್ಟಿ ಆಗಿತ್ತು.

ನಿಮ್ಮ ಊರಿನಲ್ಲಿ ಬಾಕಾವ್ ಇದೆಯಾ ಅಂದರೆ ನಾನು ಏನು ಹೇಳಬೇಕಿತ್ತು?

ಆ ರಾತ್ರಿ ಹೋಟೆಲಿನಿಂದ ಆಯಿಗೆ ವಿಡಿಯೋ ಕಾಲ್ ಮಾಡಿದೆವು. ಇಲ್ಲಿ ಒಂಬತ್ತು, ಅಲ್ಲಿ ಆರೂವರೆ. ಮಗಳು ಉಪ್ಪಿನ ಎಲೆಯಿಂದ ಹಿಡಿದು ಬಾವಲಿಯವರೆಗೆ ಒಂದೇ ಉಸಿರಿಗೆ ಒದರಿದಳು. ಆಯಿಗೆ ಅರ್ಥವಾದದ್ದು ಒಂದೇ.

"ಕಾಂಡ್ಲ ನೋಡೂಕೆ ಹೋಗಿದ್ರಾ? ದುಡ್ಡು ಕೊಟ್ಟು? ಎಷ್ಟು ಕೊಟ್ಟೆ ತಮಾ?"

"ಐನೂರು ರೂಪಾಯಿ ಆಯಿ."

"ಸುಳ್ಳು! ಒಬ್ಬೊಬ್ಬರಿಗೆ ನಾಲ್ಕು ಸಾವಿರ!" ಮಗಳು ಲೆಕ್ಕದಲ್ಲಿ ಜಾಣೆ, ಏನು ಮಾಡುವುದು.

ಆಯಿ ಎಷ್ಟು ನಕ್ಕಳೆಂದರೆ ಫೋನು ನೆಲಕ್ಕೆ ಬಿತ್ತು. ಎತ್ತಿಕೊಂಡು, ಪಕ್ಕದ ಮನೆಯ ಅತ್ತೆಯನ್ನು ಕರೆದು ಅವರಿಗೂ ಹೇಳಿದಳು. ಆ ಅತ್ತೆ ನನ್ನ ಬಾಲ್ಯದಿಂದಲೂ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು. ಸೊಂಟದವರೆಗೆ ನೀರಿನಲ್ಲಿ ನಿಂತು, ಕಾಲಿನಲ್ಲೇ ತಡಕಿ. ಯಾವ ದಿನ ಎಷ್ಟು ಹೊತ್ತಿಗೆ ಇಳಿತ ಅಂತ ಬಾಯಿಪಾಠ. ಅರಣ್ಯ ಇಲಾಖೆಯವರು ಕಾಂಡ್ಲ ನೆಡಿಸಿದಾಗ ದಿನಗೂಲಿಗೆ ಹೋಗಿ ಸಾವಿರಗಟ್ಟಲೆ ಮೊಳಕೆಯ ಕೋಡು ಊರಿದ್ದಾರಂತೆ. ಇದೂ ನನಗೆ ಆವತ್ತೇ ಗೊತ್ತಾದದ್ದು. ಮನಸ್ಸಿನಲ್ಲೇ ಅವರನ್ನು ಕಯಾಕ್‌ನಲ್ಲಿ ಕೂರಿಸಿ ನೋಡಿದೆ. ಪಾಕ್ ಚಿಕ್‌ಗಿಂತ ಒಂದು ಕೈ ಮೇಲೆಯೇ ಇದ್ದಾರು. ಆದರೆ ನಮ್ಮಲ್ಲಿ ಯಾರೂ ಅವರಿಗೆ ಟೋಪಿ, ಲೈಫ್ ಜಾಕೆಟ್ ಕೊಟ್ಟು "ಇವರಿಗೆ ಗೊತ್ತು, ಇವರ ಮಾತು ಕೇಳಿ" ಅಂದಿಲ್ಲ. ಬಳಚು ಕೊಳ್ಳುವಾಗ ಹತ್ತು ರೂಪಾಯಿಗೆ ಚೌಕಾಸಿ ಮಾಡಿದ್ದೇವೆ.

ನಾನು ಆಯಿಗೆ ಹೇಳಿದೆ, ನಮ್ಮ ಹೊಳೆ ಸಾಮಾನ್ಯದ್ದಲ್ಲ, ಒಂದೂ ಅಣೆಕಟ್ಟಿಲ್ಲದೆ ಸಮುದ್ರ ಸೇರುತ್ತದೆ, 2024ರಲ್ಲಿ 4,801 ಹೆಕ್ಟೇರ್ ಅಳಿವೆಗೆ ರಾಮ್ಸರ್ ಪಟ್ಟ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶ ಎಂಬ ಮಾನ್ಯತೆ, ಸಿಕ್ಕಿದೆ ಅಂತ.

"ರಾಮ ಸರ? ಯಾವ ರಾಮನ ಸರ ಅದು?" ಅಂದಳು. "ಹೊಳೆಗೆ ಪಟ್ಟ ಕಟ್ಟಿ, ಅಂಗಡಿಯವ ಅಲ್ಲೇ ಪ್ಲಾಸ್ಟಿಕ್ ಚೀಲ ಸುರಿದು ಹೋಗ್ತಾ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತು ತಿರುಗಿಸಲು, ನಮ್ಮ ಗಜನಿ ಈಗ ಹೇಗಿದೆ ಅಂತ ಕೇಳಿದೆ. ಎಷ್ಟೋ ವರ್ಷದ ಮೇಲೆ ಕೇಳಿದ್ದು. ಊರಿಗೆ ಹೋದಾಗಲೂ ಆ ಕಡೆ ಕಾಲು ಹಾಕುತ್ತಿರಲಿಲ್ಲ.

"ಗಜನಿ ಎಲ್ಲುಂಟು? ಕಟ್ಟು ಒಡೆದ ಜಾಗದಲ್ಲಿ ಪೂರ್ತಿ ಕಾಂಡ್ಲ ಎದ್ದಿದೆ. ಯಾರೂ ನೆಟ್ಟದ್ದಲ್ಲ. ತೇಲಿ ಬಂದದ್ದು" ಅಂದಳು.

"ತೋರಿಸು ಅಜ್ಜಿ" ಅಂತ ಮಗಳ ಹಠ. ಕತ್ತಲಾಗುತ್ತಿದೆ ಬೇಡ ಅಂದರೂ ಆಯಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಪಕ್ಕದ ಮನೆಯ ಅತ್ತೆಯೂ ಹಿಂದೆ ಬಂದರು, ಟಾರ್ಚ್ ಹಿಡಿದುಕೊಂಡು. ಪರದೆಯಲ್ಲಿ ತೆಂಗಿನ ಮರ, ಆಕಾಶ, ಆಯಿಯ ಸೀರೆಯ ನೆರಿಗೆ, ಮತ್ತೆ ಆಕಾಶ. ಕಪ್ಪೆಯ ಸದ್ದು. "ಇಲ್ನೋಡು ಕೂಸೇ" ಅಂದದ್ದು ಕೇಳಿಸಿತು. ಅಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟು ಚಿತ್ರ ನಿಂತುಹೋಯಿತು. ಟಾರ್ಚಿನ ಬೆಳಕಿನಲ್ಲಿ ಒಂದಷ್ಟು ಕೆಸರು, ಆಯಿಯ ನೀಲಿ ಹವಾಯಿ ಚಪ್ಪಲಿಯ ತುದಿ, ಅದರ ಮುಂದೆ ಬೇರುಗಳು.

ಮಗಳು ಪರದೆಯ ಮೇಲೆ ಬೆರಳಿಟ್ಟು ಬೇರು ಎಣಿಸತೊಡಗಿದಳು. ಹನ್ನೊಂದಕ್ಕೆ ಬಂದಾಗ ಕಾಲ್ ಕಟ್ ಆಯಿತು.