ಒಲೆಗೆ ಬಿಡುವು ಕೊಡುವ ದಿನ

ಪಾರ್ಸಿ ಪಂಚಾಂಗದ ಒಂಬತ್ತನೆಯ ತಿಂಗಳು ಆದರ್, ಅಂದರೆ ಅಗ್ನಿ. ಪ್ರತಿ ತಿಂಗಳ ಒಂಬತ್ತನೆಯ ದಿನದ ಹೆಸರೂ ಅದೇ. ಎರಡೂ ಕೂಡಿ ಬಂದ ದಿನ ಬೆಂಕಿಯ ಹಬ್ಬ. ಭಾರತದ ಹೆಚ್ಚಿನ ಪಾರ್ಸಿಗಳು ಅನುಸರಿಸುವ ಶಹೆನ್‌ಶಾಹಿ ಲೆಕ್ಕದಲ್ಲಿ ಈಗ ಅದು ಏಪ್ರಿಲ್‌ನಲ್ಲಿ ಬೀಳುತ್ತದೆ. ಗುಜರಾತಿನ ಉದ್ವಾಡಾದಲ್ಲಿ 1742ರಿಂದ ನೆಲೆಸಿರುವ ಪವಿತ್ರಾಗ್ನಿ ಇರಾನ್‌ಶಾನ ದರ್ಶನಕ್ಕೆ ಅಂದು ಯಾತ್ರಿಕರು ಸೇರುತ್ತಾರೆ. ಮನೆಗಳಲ್ಲಿ ಒಲೆಯ ಜಾಗ ತೊಳೆದು, ಅರಿಶಿನ ಕುಂಕುಮದಲ್ಲಿ ಚಿತ್ರ ಬರೆದು, ದೀಪವಿಟ್ಟು, ಅಡುಗೆ ಮಾಡದೆ ಬಿಡುವ ಹಳೆಯ ರೂಢಿಯಿದೆ. ಆಯುಧಪೂಜೆ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದನ್ನೇ ನೋಡಿ ಪಾರ್ಸಿಗಳನ್ನು ‘ಅಗ್ನಿಪೂಜಕರು’ ಎಂದು ಮುಗಿಸಿಬಿಡುವವರಿದ್ದಾರೆ. ಆ ಪಂಚಾಂಗವನ್ನೇ ಇನ್ನೊಮ್ಮೆ ನೋಡಬೇಕು. ತಿಂಗಳ ಮೊದಲ ದಿನ ಹೋರ್ಮಜ್ದನದು, ಅಂದರೆ ಅವರ ಸೃಷ್ಟಿಕರ್ತ ದೇವರು ಅಹುರ ಮಜ್ದನದು. ಆದರ್‌ಗೆ ಮುಂಚಿನ ಎಂಟನೆಯ ದಿನವೂ ಸೃಷ್ಟಿಕರ್ತನ ಹೆಸರಿನದೇ. ಅಗ್ನಿಯ ಪ್ರಾರ್ಥನೆಯಲ್ಲಿ ಅಗ್ನಿಯನ್ನು ಕರೆಯುವುದು ‘ಅಹುರ ಮಜ್ದನ ಮಗ’ ಎಂದು. ಮಗನ ಮುಂದೆ ನಿಂತು ತಂದೆಯನ್ನು ನೆನೆಯುವ ಪೂಜೆ ಇದು.

ಆ ತಂದೆ ಎಂಥವನು? ವಿವೇಕವೇ ಮೈವೆತ್ತ ಒಡೆಯ. ಈ ಧರ್ಮದ ಪ್ರವಾದಿ ಜರತುಷ್ಟ್ರ ಅವನ ಹತ್ತಿರ ಹೋಗುವ ರೀತಿ ನನಗೆ ಬಹಳ ಹಿಡಿಸುತ್ತದೆ. ಅವರ ಧರ್ಮಗ್ರಂಥ ಅವೆಸ್ತಾದ ಭಾಗವಾದ ಯಸ್ನದ 44ನೆಯ ಅಧ್ಯಾಯದ ತುಂಬ ಬರೀ ಪ್ರಶ್ನೆ: ನಿನ್ನನ್ನೇ ಕೇಳುತ್ತೇನೆ, ನಿಜ ಹೇಳು ಅಹುರ. ಸೂರ್ಯನಿಗೂ ನಕ್ಷತ್ರಗಳಿಗೂ ದಾರಿ ಹಾಕಿಕೊಟ್ಟವರಾರು? ಚಂದ್ರ ಬೆಳೆಯುವುದು, ಕರಗುವುದು ಯಾರಿಂದ? ಆಕಾಶ ಕಳಚಿ ಬೀಳದಂತೆ ಹಿಡಿದವರಾರು? ಗಾಳಿಗೂ ಮೋಡಕ್ಕೂ ವೇಗ ಕಟ್ಟಿದವರಾರು? ನಿದ್ದೆ, ಎಚ್ಚರ ಮಾಡಿದವರಾರು? ಇಷ್ಟೆಲ್ಲ ಕೇಳುತ್ತಾ ಹೋದ ಪ್ರವಾದಿ, ನನಗೆ ಸಲ್ಲಬೇಕಾದ ಹತ್ತು ಹೆಣ್ಣುಕುದುರೆ, ಒಂದು ಗಂಡುಕುದುರೆ, ಒಂದು ಒಂಟೆ ಹೇಗೆ ಸಿಕ್ಕಾವು ಎಂದೂ ಕೇಳಿಬಿಡುತ್ತಾನೆ! ಅಹುರ ಮಜ್ದ ಇಂಥ ಪ್ರಶ್ನೆಗೂ ಮುನಿಯುವವನಲ್ಲ.

‘ಎಲ್ಲವೂ ಅವನಾಟ’ ಎನ್ನುತ್ತ ಬೆಳೆದ ನನ್ನಂಥವರಿಗೆ ಒಂದು ಮಾತು ಮಾತ್ರ ಬೇಗ ಒಗ್ಗದು. ಜರತುಷ್ಟ್ರನ ಹಾಡುಗಳಾದ ಗಾಥೆಗಳಲ್ಲಿ ಕೇಡು, ಸುಳ್ಳು, ಹಿಂಸೆ ಅವನ ಲೀಲೆಯಲ್ಲ. ಅವು ಅವನಿಗೆ ಎದುರು ನಿಂತವು. ಯಾವ ಕಡೆ ಸೇರಬೇಕೆಂದು ಆರಿಸಿಕೊಳ್ಳುವುದು ಮನುಷ್ಯನ ಪಾಲಿನ ಕೆಲಸ. ಮಗು ಸತ್ತ ಮನೆಯಲ್ಲಿ ‘ದೇವರ ಇಚ್ಛೆ’ ಎಂದು ಹೇಳಲು ನಾಲಿಗೆ ಏಳದಿದ್ದಾಗ ಈ ದೇವರು ನನಗೆ ಹತ್ತಿರದವನೆನಿಸಿದ್ದಾನೆ. ಅವನು ದುಃಖ ಕೊಟ್ಟವನಲ್ಲ, ಅದರ ವಿರುದ್ಧ ನಮ್ಮ ಜೊತೆಗೆ ನಿಂತವನು.

ಉದ್ವಾಡಾದ ಗುಡಿಯೊಳಗೆ ಪಾರ್ಸಿಗಳಲ್ಲದವರಿಗೆ ಪ್ರವೇಶವಿಲ್ಲ. ನಮ್ಮ ಬೆಂಗಳೂರಿನ ಕ್ವೀನ್ಸ್ ರಸ್ತೆಯ ಅಗಿಯಾರಿಯಲ್ಲೂ (ಪಾರ್ಸಿಗಳ ಅಗ್ನಿಗುಡಿ) ಅದೇ ಕಟ್ಟಳೆ, ನನಗದು ಬೇಸರವೇನಲ್ಲ. ಒಳಗೆ ಭಕ್ತರು ಗಂಧದ ಚಕ್ಕೆ ಅರ್ಪಿಸಿ ಹಣೆಗೆ ಬೂದಿ ಹಚ್ಚಿಕೊಳ್ಳುತ್ತಾರೆ. ದಿನದ ಐದೂ ಜಾವಗಳಲ್ಲಿ ಬೆಂಕಿಗೆ ಕಟ್ಟಿಗೆ ಒಪ್ಪಿಸುವ ಪುರೋಹಿತರು ಗಂಟೆ ಬಾರಿಸುತ್ತಾ ಕೆಟ್ಟ ಆಲೋಚನೆ, ಕೆಟ್ಟ ಮಾತು, ಕೆಟ್ಟ ನಡೆಗಳನ್ನು ಹೆಸರು ಹಿಡಿದು ಓಡಿಸುತ್ತಾರೆ. ಅವು ಮುಂದಿನ ಜಾವದ ಹೊತ್ತಿಗೆ ಮತ್ತೆ ಬಂದಿರುತ್ತವೆ ಎಂಬುದು ಅವರಿಗೂ ಗೊತ್ತು.