ಮಾರುತಿಯ ಹೊಗೆಗೆ ಕೂರಿಸಿದ ಮೀಟರು

ಅಪ್ಪ 1994ರಲ್ಲಿ ಕೊಂಡ ಮಾರುತಿ 800 ಇಂದಿಗೂ ಹಾಸನದ ನಮ್ಮ ಮನೆಯ ಶೆಡ್ಡಿನಲ್ಲಿದೆ. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್, ಅದರ ಮೇಲೆ ಗಾಳಿಗೆ ಪೆಟ್ರೋಲ್ ಬೆರೆಸುವ ಒಂದು ಕಾರ್ಬ್ಯುರೇಟರ್. ಕಂಪ್ಯೂಟರ್ ಎಂಬುದು ಅದರಲ್ಲಿ ಎಲ್ಲಿಯೂ ಇಲ್ಲ. ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿದ ಮೇಲೆ ಚೋಕ್ ಒಳಗೆ ತಳ್ಳಿದೊಡನೆ ಎಂಜಿನ್ ಮುಗ್ಗರಿಸುವುದು, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಅರೆಕ್ಷಣ ಉಸಿರು ಕಟ್ಟಿದಂತಾಗುವುದು ಶುರುವಾಯಿತು. ಕಾರಣ ಊಹಿಸಲು ಕಷ್ಟವಿರಲಿಲ್ಲ. ಶುದ್ಧ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು, ಎಥನಾಲಿಗೆ 9 ಪಟ್ಟು ಸಾಕು, ಇವೆರಡೂ ಬೆರೆತ ಈಗಿನ ಪೆಟ್ರೋಲಿಗೆ ಸುಮಾರು 13.5 ಪಟ್ಟು. ಹೊಸ ಕಾರುಗಳು ಹೊಗೆಯನ್ನು ಅಳೆದು ತಾವೇ ಇಂಧನವನ್ನು ಹೆಚ್ಚಿಸಿಕೊಳ್ಳುತ್ತವೆ. ನಮ್ಮ ಕಾರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ ಎಂದರೆ ಹಿತ್ತಾಳೆಯಲ್ಲಿ ಕೊರೆದ ಒಂದು ಸಣ್ಣ ತೂತು; ಬಂಕಿನಲ್ಲಿ ಏನು ಬದಲಾಯಿತೆಂದು ಅದಕ್ಕೆ ಹೇಳುವವರು ಯಾರು?

ಮಿಶ್ರಣ ಎಷ್ಟು ತೆಳುವಾಗಿದೆ, ಅಂದರೆ ಅದರಲ್ಲಿ ಇಂಧನ ಎಷ್ಟು ಕಡಿಮೆಯಾಗಿದೆ ಎಂಬುದು ಅಂಕಿಯಲ್ಲಿ ತಿಳಿಯದೆ ಜೆಟ್ ಬದಲಿಸುವುದು ನನಗೆ ಒಗ್ಗಲಿಲ್ಲ. ಹೀಗಾಗಿ ಗಾಳಿ ಮತ್ತು ಇಂಧನದ ಅನುಪಾತ ತೋರಿಸುವ ಗೇಜಿನ ಹುಡುಕಾಟಕ್ಕೆ ಇಳಿದೆ. ಮೊದಲು ಕಣ್ಣಿಗೆ ಬಿದ್ದವು ಸಾಲಾಗಿ ಬಣ್ಣದ ದೀಪ ಮಿನುಗಿಸುವ ಅಗ್ಗದ ಗೇಜುಗಳು. ಅವು ಹೊಗೆಯ ಆಮ್ಲಜನಕವನ್ನು ಗಮನಿಸುವ ನ್ಯಾರೋಬ್ಯಾಂಡ್ ಸೆನ್ಸರನ್ನು ನಂಬಿದವು. ಆ ಸೆನ್ಸರಿನ ವೋಲ್ಟೇಜ್ 0.1ರಿಂದ 0.9ರೊಳಗೆ ಓಡಾಡುತ್ತದೆ, ಮಿಶ್ರಣ ಸಮವಾಗಿರುವ ಒಂದೇ ಬಿಂದುವಿನ ಅಕ್ಕಪಕ್ಕದಲ್ಲಿ ಥಟ್ಟನೆ ಏರಿಳಿಯುತ್ತದೆ. ಅಂದರೆ ಅದು ರಿಚ್ (ಇಂಧನ ಹೆಚ್ಚು) ಅಥವಾ ಲೀನ್ (ಇಂಧನ ಕಡಿಮೆ) ಎನ್ನಬಲ್ಲದೇ ಹೊರತು ಎಷ್ಟು ಎಂಬುದನ್ನು ನಂಬುವಂತೆ ಹೇಳಲಾರದು. ರಾತ್ರಿಯ ಹೊತ್ತು ನೋಡಲು ಚೆಂದ, ಅಷ್ಟೇ. ನನಗೆ ಬೇಕಿದ್ದದ್ದು ಎಷ್ಟು ಎಂಬುದನ್ನೂ ಅಳೆಯುವ ವೈಡ್‌ಬ್ಯಾಂಡ್. ಹಳೆಯ ಎಲ್‌ಎಸ್‌ಯು 4.2 ಸೆನ್ಸರಿನ ಗೇಜುಗಳಲ್ಲಿ ಆಗಾಗ ಸೆನ್ಸರನ್ನು ಬಿಚ್ಚಿ ಹೊರಗಿನ ಗಾಳಿಗೆ ಹಿಡಿದು ಸರಿಹೊಂದಿಸಬೇಕಾಗುತ್ತದೆ ಎಂದು ಓದಿದ್ದರಿಂದ, ಬಾಷ್‌ನ ಎಲ್‌ಎಸ್‌ಯು 4.9 ಸೆನ್ಸರ್ ಇರುವ, 52 ಮಿ.ಮೀ. ಅಗಲದ, ದೊಡ್ಡ ಅಂಕಿ ತೋರಿಸುವ ಗೇಜನ್ನೇ ಆರಿಸಿದೆ. ಕಾರನ್ನು ಮಾರಿದರೆ ಬರುವ ಹಣದ ಅರ್ಧದಷ್ಟು ಅದಕ್ಕೇ ಹೋಯಿತು. ಈ ಲೆಕ್ಕವನ್ನು ಅಪ್ಪನಿಗೆ ನಾನು ಹೇಳಿಲ್ಲ.

ಲೇತ್ ಅಂಗಡಿಯಲ್ಲಿ 18 ಮಿ.ಮೀ. ನಟ್ ಮಾಡಿಸಿ ಮುಂದಿನ ಸೈಲೆನ್ಸರ್ ಪೈಪಿಗೆ ವೆಲ್ಡ್ ಮಾಡಿಸಿದೆವು. ಎಂಜಿನ್ನಿನಿಂದ ಸುಮಾರು ಒಂದೂವರೆ ಅಡಿ ಕೆಳಗೆ, ಪೈಪಿನ ಮೇಲ್ಭಾಗದಲ್ಲಿ, ಗಡಿಯಾರದ ಹತ್ತು ಗಂಟೆಯ ಮುಳ್ಳಿನ ಓರೆಯಲ್ಲಿ. ಸೆನ್ಸರಿನ ಒಳಗಿನ ಪಿಂಗಾಣಿ 780 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಪೈಪಿನ ತಳದಲ್ಲಿ ನಿಂತ ನೀರು ತಾಗಿದರೆ ಬಿರುಕು ಬಿಡುವ ಭಯ, ಆದ್ದರಿಂದ ಈ ಓರೆ. ಗೇಜಿಗೆ ಇಗ್ನಿಷನ್ ಫ್ಯೂಸಿನಿಂದ ಕರೆಂಟ್ ಕೊಟ್ಟು, ಅರ್ತ್ ವೈರನ್ನು ಬಣ್ಣ ಕೆರೆದ ಬಾಡಿಗೆ ಬಿಗಿದೆ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು: ಇಂಥ ಗೇಜುಗಳು ಹೊಗೆಯಲ್ಲಿರುವ ಆಮ್ಲಜನಕದಿಂದ, ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಸಿಕ್ಕಿದೆ ಎಂಬುದನ್ನು (ಲ್ಯಾಂಬ್ಡಾ) ಕಂಡುಕೊಂಡು, ಅದನ್ನು 14.7ರಿಂದ ಗುಣಿಸಿ ಪೆಟ್ರೋಲಿನ ಭಾಷೆಯಲ್ಲಿ ತೋರಿಸುತ್ತವೆ. ಆದ್ದರಿಂದ ಟ್ಯಾಂಕಿನಲ್ಲಿ ಎಷ್ಟೇ ಎಥನಾಲ್ ಇರಲಿ, ಸಮ ಮಿಶ್ರಣಕ್ಕೆ ಗೇಜಿನಲ್ಲಿ ಕಾಣುವುದು 14.7 ಎಂಬ ಅಂಕಿಯೇ; ಅದಕ್ಕಿಂತ ಹೆಚ್ಚಿದ್ದರೆ ಲೀನ್, ಕಡಿಮೆಯಿದ್ದರೆ ರಿಚ್.

ಮೊದಲ ದಿನ ಐಡಲಿನಲ್ಲಿ, ಅಂದರೆ ಕಾರು ನಿಂತಲ್ಲೇ ಎಂಜಿನ್ ಓಡುವಾಗ, 16.4 ತೋರಿಸಿತು. ನಾನು ಅನುಮಾನಿಸಿದ್ದು ನಿಜವಾಯಿತೆಂಬ ಖುಷಿಯಲ್ಲಿ ಇಂಧನ ಹೆಚ್ಚಲೆಂದು ಐಡಲ್ ಮಿಶ್ರಣದ ಸ್ಕ್ರೂವನ್ನು ಅರ್ಧ ಸುತ್ತು ಬಿಚ್ಚಿದೆ. ಅಂಕಿ 15.9ಕ್ಕೆ ಇಳಿಯಿತು. ಮತ್ತರ್ಧ ಸುತ್ತು ಬಿಚ್ಚಿದೆ, ಒಂದು ಅಳತೆ ದೊಡ್ಡದಾದ ಮೇನ್ ಜೆಟ್ಟನ್ನೂ ಹಾಕಿಸಿದೆ. ಆದರೂ ಐಡಲಿನಲ್ಲಿ ಗೇಜು 15ರಿಂದ ಕೆಳಗೆ ಬರಲು ಒಪ್ಪಲಿಲ್ಲ. ಪೆಟ್ರೋಲಿನ ವಾಸನೆ ಮಾತ್ರ ಕಾರಿನೊಳಗೂ ಬರತೊಡಗಿತು. ವಾಸನೆ ಮೂಗಿಗೆ ಬಡಿಯುತ್ತಿದ್ದರೂ ನಾನು ನಂಬಿದ್ದು ಅಂಕಿಯನ್ನೇ.

ಅದೇ ವಾರ ಎಮಿಷನ್ ಟೆಸ್ಟಿನ ಅವಧಿ ಮುಗಿದಿತ್ತು. ಬಂಕಿನ ಮೂಲೆಯಲ್ಲಿ ನಿಲ್ಲುವ ವ್ಯಾನಿನ ಹುಡುಗ ಸೈಲೆನ್ಸರಿಗೆ ಕೊಳವೆ ತೂರಿಸಿ, ತೆರೆಯನ್ನು ನೋಡಿ, "ಸಾರ್, ಸಿ.ಒ. 5.2 ಬರ್ತಿದೆ, ನಿಮ್ಮ ಗಾಡಿಗೆ 3 ಮೇಲೆ ಹೋಗಂಗಿಲ್ಲ" ಎಂದ. ಇಂಗಾಲದ ಮಾನಾಕ್ಸೈಡ್ ಅಷ್ಟೊಂದು ಹೆಚ್ಚಬೇಕಾದರೆ ಮಿಶ್ರಣ ಬಹಳ ರಿಚ್ ಆಗಿರಲೇಬೇಕು. ನನ್ನ ಡ್ಯಾಶ್‌ಬೋರ್ಡಿನಲ್ಲಿ ಅದೇ ಹೊತ್ತಿಗೆ 15.2 ಹೊಳೆಯುತ್ತಿತ್ತು. ಒಂದೇ ಹೊಗೆಯ ಬಗ್ಗೆ ಎರಡು ಯಂತ್ರಗಳು ಎದುರುಬದುರಾದ ಸಾಕ್ಷಿ ಹೇಳುತ್ತಿದ್ದವು.

ಅಲ್ಲಿಂದ ನೇರವಾಗಿ ಗ್ಯಾರೇಜಿಗೆ ಹೋದೆ. ನಮ್ಮ ಮೆಕ್ಯಾನಿಕ್ ಗೇಜಿನ ಕಡೆ ತಿರುಗಿಯೂ ನೋಡಲಿಲ್ಲ. ಪ್ಲಗ್ ಬಿಚ್ಚಿದರು, ತುದಿ ಕಾಡಿಗೆಯಂತೆ ಕಪ್ಪಾಗಿತ್ತು. ಬಳಿಕ ಎಂಜಿನ್ ಚಾಲೂ ಮಾಡಿಸಿ, ಒದ್ದೆ ಗೋಣಿಚೀಲವನ್ನು ಸೈಲೆನ್ಸರಿನ ಬಾಯಿಗೆ ಒತ್ತಿ ಹಿಡಿದು, "ಈಗ ಮುಂದೆ ಹೋಗಿ ಕಿವಿ ಕೊಡಿ ಸಾರ್" ಎಂದರು. ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಹೊಗೆ ಹೊರಬರುವ ಮ್ಯಾನಿಫೋಲ್ಡಿಗೆ ಪೈಪು ಸೇರುವ ಜಾಗದಲ್ಲಿ ಚಿಕ್ ಚಿಕ್ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು. ಟಾರ್ಚ್ ಬಿಟ್ಟು ನೋಡಿದರೆ ಎರಡು ಬೋಲ್ಟುಗಳ ನಡುವೆ ಬೀಸಣಿಗೆಯ ಆಕಾರದಲ್ಲಿ ಮಸಿ ಹರಡಿತ್ತು. ನಟ್ ವೆಲ್ಡ್ ಮಾಡಿಸಲು ಪೈಪು ಇಳಿಸಿದವರು ಸುಟ್ಟುಹೋಗಿದ್ದ ಹಳೆಯ ಪ್ಯಾಕಿಂಗನ್ನೇ ಮತ್ತೆ ಕೂರಿಸಿದ್ದರು. ಕೂರಿಸಿದವರಲ್ಲಿ ನಾನೂ ಒಬ್ಬ.

ಹೊಗೆ ಪೈಪಿನಲ್ಲಿ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಒತ್ತಡ ಕುಸಿದಾಗ ಪ್ಯಾಕಿಂಗಿನ ಆ ಸಂದು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರಿಗೆ ಎಲ್ಲಾ ಆಮ್ಲಜನಕವೂ ಒಂದೇ, ಅದು ಎಂಜಿನ್ನಿನಿಂದ ಬಂತೋ ಪ್ಯಾಕಿಂಗಿನ ಸಂದಿನಿಂದ ನುಸುಳಿತೋ ಎಂದು ಅದು ಕೇಳುವುದಿಲ್ಲ. ಹೊಗೆ ಕಡಿಮೆ ಇರುವ ಐಡಲಿನಲ್ಲಿ ಈ ಸುಳ್ಳು ಅತಿಯಾಗಿ, ಆಕ್ಸಿಲರೇಟರ್ ಒತ್ತಿದಂತೆ ಕಡಿಮೆಯಾಗುತ್ತದೆ. ಏರಿನಲ್ಲಿ ಪೂರ್ತಿ ಒತ್ತಿದಾಗ ಗೇಜು 11.6ಕ್ಕೆ ಇಳಿದಿದ್ದನ್ನು ನಾನು ಕಂಡಿದ್ದೆ. ಐಡಲಿನ ಅಂಕಿಯ ಪಕ್ಕದಲ್ಲಿ ಅದನ್ನಿಟ್ಟು ನೋಡಿದ್ದರೆ ಅಂದೇ ಗುಟ್ಟು ಬಿಡುತ್ತಿತ್ತು.

ಹೊಸ ಪ್ಯಾಕಿಂಗ್ ಹಾಕಿದ ಮೇಲೆ ಐಡಲಿನಲ್ಲಿ 11.9 ಬಂತು. ಸ್ಕ್ರೂವನ್ನು ಮೊದಲಿದ್ದಲ್ಲಿಗೆ ತಿರುಗಿಸಿ ಅಲ್ಲಿಂದ ಕಾಲು ಸುತ್ತು ಮಾತ್ರ ಬಿಚ್ಚಿದಾಗ 14ರ ಸುತ್ತ ನಿಂತಿತು. ಹಳೆಯ ಮೇನ್ ಜೆಟ್ಟಿನಲ್ಲಿ ಅರವತ್ತರ ವೇಗದಲ್ಲಿ 15.8 ಇತ್ತು, ಅಂದರೆ ಎಥನಾಲಿನ ಬಗ್ಗೆ ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ದೊಡ್ಡ ಜೆಟ್ಟನ್ನೇ ಮತ್ತೆ ಹಾಕಿದಾಗ ಅದೇ ವೇಗದಲ್ಲಿ 14.6. ಎಮಿಷನ್ ವ್ಯಾನಿನಲ್ಲಿ ಸಿ.ಒ. 1.8.

ಮುಂದಿನ ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಮಂಗಳೂರಿಗೆ ಹೊರಟೆ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಶಿರಾಡಿ ಘಾಟಿ ಇಳಿದಂತೆ ಗಾಳಿ ದಟ್ಟವಾಗುತ್ತದೆ, ಕಾರ್ಬ್ಯುರೇಟರಿನ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಮಿಶ್ರಣ ತುಸು ತೆಳುವಾಗುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದಾಗಿನ ಅಂಕಿಗಳಿಗೆ ಅರ್ಥವಿಲ್ಲದ್ದರಿಂದ ಉಪ್ಪಿನಂಗಡಿ ದಾಟಿ ಸಮತಟ್ಟಾದ ರಸ್ತೆ ಸಿಗುವವರೆಗೆ ಕಾದೆ. ಅದೇ ಅರವತ್ತರ ವೇಗ. 15.1.

"ಏನಂತೆ ಅದು?" ಎಂದು ಅಪ್ಪ ಕೇಳಿದರು.

"ಘಾಟಿ ಇಳಿದದ್ದು ಅದಕ್ಕೆ ಗೊತ್ತಾಗಿದೆ" ಎಂದೆ. ಅಪ್ಪ ಕಿಟಕಿಯ ಗಾಜನ್ನು ಇನ್ನಷ್ಟು ಇಳಿಸುತ್ತಾ, "ಸೆಖೆ ನೋಡಿದ್ರೆ ನನಗೂ ಗೊತ್ತಾಗತ್ತೆ" ಎಂದರು.