ವಿಗನ್‌ನಿಂದ ಸ್ಟೋಕ್‌ವರೆಗೆ, ಹಳೇ ಪ್ಲೇಟುಗಳ ಹಿಂದೆ

ನಮ್ಮಪ್ಪ ಅರಸೀಕೆರೆಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದರು. ಮದುವೆ, ಗಣಪತಿ ಹಬ್ಬ, ಜಾತ್ರೆ, ಎಲ್ಲಕ್ಕೂ ಅವರ ಹಾರನ್ನೇ ಕಟ್ಟಬೇಕು. ರೆಕಾರ್ಡಿಗೆ ನಾವು ಪ್ಲೇಟು ಅಂತಿದ್ದೆವು. ಬೆಂಗಳೂರಿಂದ ಹೊಸ ಪ್ಲೇಟು ತಂದರೆ, ಅದು ಎಲ್ಲಿ ಸಿಕ್ಕಿತು ಅಂತ ಅಪ್ಪ ಎದುರು ಬೀದಿಯ ಮೈಕ್‌ಸೆಟ್‌ನವರ ಹತ್ತಿರ ಬಾಯಿ ಬಿಡುತ್ತಿರಲಿಲ್ಲ. ಆದರೆ ಅದೇ ಪ್ಲೇಟನ್ನು ಇಡೀ ಊರು ಕೇಳಲಿ ಅಂತ ತೆಂಗಿನ ಮರಕ್ಕೆ ಹಾರನ್ ಕಟ್ಟಿ ಹಾಕುತ್ತಿದ್ದರು. ಈ ಎರಡೂ ಒಬ್ಬ ಮನುಷ್ಯನಲ್ಲಿ ಹೇಗೆ ಒಟ್ಟಿಗೆ ಇರುತ್ತೆ ಅಂತ ನನಗೆ ಸರಿಯಾಗಿ ಅರ್ಥ ಆಗಿದ್ದು ಇಂಗ್ಲೆಂಡಿನ ಸ್ಟೋಕ್ ಅನ್ನೋ ಊರಿನಲ್ಲಿ, ರಾತ್ರಿ ಮೂರು ಗಂಟೆಗೆ.

ಅಕ್ಕ ಇರೋದು ಮ್ಯಾಂಚೆಸ್ಟರ್‌ನಲ್ಲಿ. ಅವಳ ಪಕ್ಕದ ಮನೆಯವರು ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಅಕ್ಕ, ಭಾವ ಇಬ್ಬರೂ ಅವರನ್ನು ನಮ್ಮ ನಮ್ಮಲ್ಲಿ ‘ಯಜಮಾನರು’ ಅಂತಲೇ ಕರೀತಾರೆ. ವಯಸ್ಸು 67. ಮೊದಲ ದಿನ ಕಾಂಪೌಂಡ್ ಆಚೆಯಿಂದ ಅವರ ಮನೆಯ ಹಾಡು ಕೇಳಿಸಿತು. ಡ್ರಮ್ಮಿನ ಪೆಟ್ಟು ಕುದುರೆ ಓಡಿದ ಹಾಗೆ, ಅದರ ಮೇಲೆ ಒಬ್ಬ ಹೆಂಗಸಿನ ಗಂಟಲು ಹರಿದು ಬರೋ ಹಾಗಿನ ದನಿ. ನಾನು ನಿಂತೇಬಿಟ್ಟೆ. ಅವರು ಕಿಟಕಿಯಿಂದ ನೋಡಿ ಒಳಗೆ ಕರೆದರು. ಊಟದ ಮನೆಯ ಒಂದು ಗೋಡೆ ಪೂರ್ತಿ ಏಳು ಇಂಚಿನ ಪ್ಲೇಟುಗಳು. ಮುಟ್ಟೋದಕ್ಕೆ ಮುಂಚೆ ಕೈ ಒರೆಸಿಕೊಂಡೆ. ಅದನ್ನು ಅವರು ಗಮನಿಸಿದರು ಅಂತ ಕಾಣುತ್ತೆ. “ನಿಮ್ಮ ಮನೇಲೂ ಇತ್ತಾ?” ಅಂತ ಕೇಳಿದರು. ಮೈಕ್‌ಸೆಟ್ ಅಂಗಡಿಯ ಕಥೆ ಹೇಳಿದೆ. ಎರಡು ದಿನ ಬಿಟ್ಟು ಅಕ್ಕನ ಮನೆ ಬಾಗಿಲು ಬಡಿದು, “ಶನಿವಾರ ರಾತ್ರಿ ನಿದ್ದೆ ಬಿಡೋಕೆ ತಯಾರಿದ್ದೀಯಾ?” ಅಂದರು.

ಹೀಗೆ ಶುರುವಾಯಿತು ನಮ್ಮ ಪ್ರವಾಸ, ಆ ಹಾಡುಗಳಿಗೆ ಜನ ರಾತ್ರಿಯಿಡೀ ಕುಣಿದ ಜಾಗಗಳನ್ನು ಹುಡುಕಿಕೊಂಡು. ಮೊದಲ ನಿಲ್ದಾಣ ಮ್ಯಾಂಚೆಸ್ಟರ್‌ನ ವಿಟ್‌ವರ್ತ್ ಸ್ಟ್ರೀಟ್. 1965ರಿಂದ 1971ರವರೆಗೆ ಟ್ವಿಸ್ಟೆಡ್ ವೀಲ್ ಅನ್ನೋ ಕ್ಲಬ್ ಇದ್ದ ಜಾಗ. ಈಗ ಹಳೇ ಕಟ್ಟಡ ಕೆಡವಿ ಹೋಟೆಲ್ ಕಟ್ಟಿದ್ದಾರೆ. ಯಜಮಾನರ ಅಣ್ಣ ಇಲ್ಲಿಗೆ ಬರುತ್ತಿದ್ದರಂತೆ, ಇವರಿಗೆ ಆಗ ವಯಸ್ಸು ಸಾಲದು. ಅಲ್ಲಿ ನೋಡೋದಕ್ಕೆ ಏನೂ ಇರಲಿಲ್ಲ. ಐದು ನಿಮಿಷ ನಿಂತು ಹೊರಟೆವು.

ವಿಗನ್‌ಗೆ ಹೋಗೋ ರೈಲಿನಲ್ಲಿ ಅವರು ಮೂಲ ಕಥೆ ಹೇಳಿದರು. 1960ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಕಂಪನಿ ಹಿಟ್ ಮೇಲೆ ಹಿಟ್ ಕೊಡ್ತಾ ಇತ್ತು. ಅದನ್ನು ನೋಡಿ ಷಿಕಾಗೊ, ಫಿಲಡೆಲ್ಫಿಯಾ, ಲಾಸ್ ಏಂಜಲೀಸ್, ಎಲ್ಲ ಕಡೆ ಸಣ್ಣ ಸಣ್ಣ ಕಂಪನಿಗಳು ಹುಟ್ಟಿದವು. ಕಪ್ಪು ಜನರ ಹುಡುಗ ಹುಡುಗಿಯರು ಬಂದು ಜೀವ ಬಿಟ್ಟು ಹಾಡಿದರು. ಕೆಲವು ನೂರು ಪ್ಲೇಟು ಅಚ್ಚು ಹಾಕಿ ಆ ಊರಿನ ರೇಡಿಯೊಗೆ ಕೊಟ್ಟರು. ರೇಡಿಯೊ ಹಾಕದೇ ಹೋದರೆ ಅಲ್ಲಿಗೆ ಮುಗೀತು. ಉಳಿದ ಪ್ಲೇಟು ಗೋಡೌನಿಗೆ, ಹಾಡಿದವರು ಮತ್ತೆ ತಮ್ಮ ಕೆಲಸಕ್ಕೆ.

ದಶಕ ಮುಗಿಯೋ ಹೊತ್ತಿಗೆ ಅಮೆರಿಕದಲ್ಲಿ ಸೋಲ್ ಅಂತ ಕರೆಯೋ ಈ ಕಪ್ಪು ಜನರ ಸಂಗೀತದ ನಡೆಯೇ ಬದಲಾಯಿತು. ತಾಳ ಭಾರ ಆಯಿತು, ಫಂಕ್ ಅನ್ನೋ ಶೈಲಿ ಬಂತು. ಆದರೆ ಉತ್ತರ ಇಂಗ್ಲೆಂಡಿನ ಗಿರಣಿ, ಗಣಿ, ಕಾರ್ಖಾನೆ ಊರುಗಳ ಹುಡುಗರಿಗೆ ಆ ಹಳೇ ಓಡೋ ತಾಳವೇ ಬೇಕು. ಅಂಥ ಹಾಡನ್ನು ಹೊಸದಾಗಿ ಯಾರೂ ಮಾಡ್ತಾ ಇಲ್ಲ. ಹಾಗಾದರೆ ಉಳಿದ ದಾರಿ ಒಂದೇ: ಯಾರೂ ಕೇಳದೆ ಬಿದ್ದಿರೋ ಹಳೇದನ್ನು ಹುಡುಕಬೇಕು. ಲಂಡನ್ನಿನಲ್ಲಿ ಡೇವ್ ಗಾಡಿನ್ ಅನ್ನೋರು ರೆಕಾರ್ಡ್ ಅಂಗಡಿ ನಡೆಸುತ್ತಿದ್ದರು. ಫುಟ್‌ಬಾಲ್ ನೋಡೋಕೆ ಉತ್ತರದಿಂದ ಬಂದ ಹುಡುಗರು ಹೊಸ ಪ್ಲೇಟು ಕೇಳದೆ ಇಂಥದ್ದನ್ನೇ ಕೇಳುತ್ತಿದ್ದರು. ಅದನ್ನು ಗಮನಿಸಿ ‘ನಾರ್ದರ್ನ್ ಸೋಲ್’ ಅಂತ ಹೆಸರಿಟ್ಟರು. 1970ರಲ್ಲಿ ಅದು ಅವರ ಅಂಕಣದಲ್ಲಿ ಅಚ್ಚಾಯಿತು. ಹಾಡಿದವರು ಅಮೆರಿಕದವರು, ಹೆಸರು ಮಾತ್ರ ಕುಣಿದವರ ಊರಿನದು.

ವಿಗನ್‌ನಲ್ಲಿ ಇಳಿದು ಸ್ಟೇಷನ್ ರೋಡ್ ಕಡೆ ನಡೆದೆವು. ಈಗ ಅಲ್ಲಿ ಗ್ರ್ಯಾಂಡ್ ಆರ್ಕೇಡ್ ಅನ್ನೋ ಶಾಪಿಂಗ್ ಮಾಲ್. ಒಂದು ಕಾಲದಲ್ಲಿ ಅದು ವಿಗನ್ ಕ್ಯಾಸಿನೊ. ಹೆಸರು ಕ್ಯಾಸಿನೊ, ಆದರೆ ಕುಣಿಯೋ ಕ್ಲಬ್. 1973ರ ಸೆಪ್ಟೆಂಬರ್ 23ರಂದು ಅಲ್ಲಿ ಮೊದಲ ಆಲ್‌ನೈಟರ್, ಅಂದರೆ ರಾತ್ರಿಯಿಡೀ ಕುಣಿಯೋ ಕೂಟ, ನಡೆಯಿತು. ರಾತ್ರಿ ಎರಡಕ್ಕೆ ಶುರು, ಬೆಳಗ್ಗೆ ಎಂಟಕ್ಕೆ ಮುಕ್ತಾಯ. ನಮ್ಮ ಕಡೆ ಯಕ್ಷಗಾನ ಬೆಳಗಿನ ತನಕ ನಡೀತಿತ್ತಲ್ವಾ, ಹಾಗೆ. ಹೆಂಡ ಇಲ್ಲ, ಬರೀ ಕುಣಿತ. 1981ರ ಡಿಸೆಂಬರಿನಲ್ಲಿ ಮುಚ್ಚಿತು. ಆಮೇಲೆ ಕಟ್ಟಡಕ್ಕೆ ಬೆಂಕಿ ಬಿತ್ತು, ಉಳಿದದ್ದನ್ನೂ ಕೆಡವಿದರು.

ಮಾಲ್‌ನೊಳಗೆ ಬಟ್ಟೆ ಅಂಗಡಿಗಳ ನಡುವೆ ಯಜಮಾನರು ನಿಂತು ದಿಕ್ಕು ನೋಡಿದರು. “ಬಾಗಿಲು ಇಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಬಿಸಿ ಗಾಳಿ ಮುಖಕ್ಕೆ ಹೊಡೀತಿತ್ತು. ನಮ್ಮ ಬೆವರೇ ಆವಿಯಾಗಿ ಮೇಲೆ ಹೋಗಿ, ಛಾವಣಿಯಿಂದ ಹನಿ ಹನಿಯಾಗಿ ತಲೆ ಮೇಲೆ ಬೀಳ್ತಿತ್ತು.” ಅವರಿಗೆ ಆಗ ಹದಿನೆಂಟು. ವಾರ ಪೂರ್ತಿ ಕಾರ್ಖಾನೆಯಲ್ಲಿ ದುಡಿದು, ಶನಿವಾರ ಚೀಲದಲ್ಲಿ ಟವೆಲ್ಲು, ಇನ್ನೊಂದು ಅಂಗಿ, ಟಾಲ್ಕಂ ಪೌಡರ್ ಡಬ್ಬಿ ಹಾಕಿಕೊಂಡು ಬರುತ್ತಿದ್ದರಂತೆ. ಪೌಡರ್ ನೆಲಕ್ಕೆ ಉದುರಿಸೋಕೆ, ಚರ್ಮದ ಅಟ್ಟೆಯ ಶೂ ಜಾರಲಿ ಅಂತ. ಅಷ್ಟು ಹೇಳಿ ಸುಮ್ಮನಾದರು. ನಾನೂ ಏನೂ ಕೇಳಲಿಲ್ಲ. ಕಾಲಲ್ಲಿ ಮಾಲ್‌ನ ಟೈಲ್ಸ್ ಮೇಲೆ ಒಂದು ಸಲ ಹಾಗೇ ಜಾರಿಸಿ ನೋಡಿದರು.

ಮಧ್ಯಾಹ್ನ ಅಲ್ಲೇ ಬಟರ್ ಪೈ ತಿಂದೆವು. ಆಲೂಗಡ್ಡೆ, ಈರುಳ್ಳಿ, ಬೆಣ್ಣೆ, ಅಷ್ಟೇ. ನನ್ನಂಥ ಸಸ್ಯಾಹಾರಿಗೆ ಹೇಳಿ ಮಾಡಿಸಿದ್ದು. ಸಂಜೆ ಮ್ಯಾಂಚೆಸ್ಟರ್‌ಗೆ ವಾಪಸ್ಸು ಬಂದು, ಎರಡು ಗಂಟೆ ಮಲಗಿ, ಮತ್ತೆ ಸ್ಟೋಕ್ ರೈಲು ಹತ್ತಿದೆವು.

ಸ್ಟೋಕ್ ಕುಂಬಾರರ ಊರು. ಪಿಂಗಾಣಿಗೆ ಜಗತ್ತಿಗೇ ಹೆಸರುವಾಸಿ. ರೈಲ್ವೆ ನಿಲ್ದಾಣದ ಎದುರಿಗೇ ಇಲ್ಲಿನ ಹೆಸರಾಂತ ಕುಂಬಾರ ಜೊಸಾಯ ವೆಜ್‌ವುಡ್ ಕೈಯಲ್ಲಿ ಹೂದಾನಿ ಹಿಡಿದು ನಿಂತಿರೋ ಪ್ರತಿಮೆ ಇದೆ. ಈ ಊರಿಗೂ ಸೋಲ್‌ಗೂ ಹಳೇ ನಂಟು. ಇಲ್ಲೇ ಟನ್‌ಸ್ಟಾಲ್‌ನಲ್ಲಿ ಗೋಲ್ಡನ್ ಟಾರ್ಚ್ ಅನ್ನೋ ಕ್ಲಬ್ ಇತ್ತು. 1973ರಲ್ಲಿ ಅದು ಮುಚ್ಚಿದ ಮೇಲೇ ವಿಗನ್ ಎದ್ದದ್ದು. ನಾವು ಹೋದ ಆಲ್‌ನೈಟರ್ ನಡೆದದ್ದು ಟೌನ್‌ಹಾಲಿಗೆ ಸೇರಿದ ಕಿಂಗ್ಸ್ ಹಾಲ್‌ನಲ್ಲಿ. ಬಾಗಿಲಲ್ಲಿ ಟಿಕೆಟ್ ನೋಡಿದ ಹೆಂಗಸು ನನ್ನನ್ನು “ಡಕ್” ಅಂತ ಕರೆದರು. ಅಂದರೆ ಬಾತುಕೋಳಿ! ಈ ಊರಿನಲ್ಲಿ ಪ್ರೀತಿಗೆ ಎಲ್ಲರನ್ನೂ ಹಾಗೇ ಕರೀತಾರಂತೆ, ನಾವು ‘ಮರಿ’ ಅನ್ನೋ ಹಾಗೆ.

ಒಳಗೆ ಎತ್ತರದ ಛಾವಣಿ, ಸುತ್ತ ಬಾಲ್ಕನಿ, ನಡುವೆ ದೊಡ್ಡ ಮರದ ನೆಲ. ಕುಣಿಯೋರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಇಪ್ಪತ್ತರ ಹುಡುಗಿಯರೂ ಇದ್ದರು. ಜೋಡಿ ಕುಣಿತ ಅಲ್ಲ. ಒಬ್ಬೊಬ್ಬರೇ, ತಮ್ಮ ಪಾಡಿಗೆ, ಪಕ್ಕಕ್ಕೆ ಜಾರಿ ಜಾರಿ. ಹಾಡಿನಲ್ಲಿ ಒಂದು ಕಡೆ ಎಲ್ಲರೂ ಒಟ್ಟಿಗೆ ಚಪ್ಪಾಳೆ ಹೊಡೀತಾರೆ, ಒಂದೇ ಒಂದು, ಗುಂಡು ಹೊಡೆದ ಹಾಗೆ. ಆಮೇಲೆ ಮತ್ತೆ ತಮ್ಮ ಪಾಡಿಗೆ.

ಬದಿಯಲ್ಲಿ ಉದ್ದ ಮೇಜುಗಳ ಮೇಲೆ ಪ್ಲೇಟು ಮಾರೋರ ಪೆಟ್ಟಿಗೆಗಳು. ನಾನು ಹೆಚ್ಚು ಹೊತ್ತು ಕಳೆದದ್ದು ಅಲ್ಲೇ. ಅಮೆರಿಕದ ಪ್ಲೇಟಿನ ನಡುವಿನ ತೂತು ದೊಡ್ಡದು, ಒಂದೂವರೆ ಇಂಚು. ನಮ್ಮ ಕಡೆಯದಕ್ಕೆ ಪೆನ್ಸಿಲ್ ತೂರುವಷ್ಟು ತೂತು. ಕೆಲವು ಪ್ಲೇಟು ವಿನೈಲ್ ಅಲ್ಲ, ಸ್ಟೈರೀನ್ ಅನ್ನೋ ಗಟ್ಟಿ ಪ್ಲಾಸ್ಟಿಕ್. ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಬೇರೆ ಸದ್ದು ಬರುತ್ತೆ. ಅದು ಬೇಗ ಸವೀತದೆ. ಹಾಕಿ ಹಾಕಿ ಹಾಡು ಶುರುವಾಗೋ ಜಾಗವೇ ಉಜ್ಜಿ ಹೋಗಿ ಬರೀ ಗೊರಗೊರ ಅನ್ನುತ್ತೆ. ಪ್ಲೇಟಿನ ಬೆಲೆಗೆ ಇದೂ ಒಂದು ಕಾರಣ: ಮೊದಲೇ ಕಡಿಮೆ, ಅದರಲ್ಲಿ ಚೆನ್ನಾಗಿ ಉಳಿದದ್ದು ಇನ್ನೂ ಕಡಿಮೆ.

ನನ್ನ ಚೀಲದಲ್ಲಿ ಒಂದು ಪ್ಲೇಟು ಇತ್ತು. ಬರುವ ಮುಂಚೆ ಒಂದು ಅಂಗಡಿಯಲ್ಲಿ ನಲವತ್ತು ಪೌಂಡ್ ಕೊಟ್ಟು ತಂದದ್ದು. 1965ರ ಅಸಲಿ ಅಚ್ಚು ಅಂತ ಹೇಳಿ ಕೊಟ್ಟಿದ್ದರು. ಒಬ್ಬ ಹಿರಿಯ ವ್ಯಾಪಾರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೆ ಏರಿಸಿ, ಸಣ್ಣ ಟಾರ್ಚ್ ತೆಗೆದು, ಪ್ಲೇಟನ್ನು ಬೆಳಕಿಗೆ ಓರೆ ಮಾಡಿದರು. ಹಾಡು ಮುಗಿದ ಮೇಲೆ ಮುಳ್ಳು ಸುಮ್ನೆ ಸುತ್ತುವ ಆ ನುಣುಪು ಜಾಗ ಇದೆಯಲ್ಲ, ಅಲ್ಲಿ ಸಣ್ಣದಾಗಿ ನಂಬರ್ ಕೆತ್ತಿರುತ್ತಾರೆ. ಪ್ಲೇಟಿನ ಜಾತಕ ಅದು. ಯಾವ ಕಾರ್ಖಾನೆಯಲ್ಲಿ ಅಚ್ಚಾಯಿತು ಅಂತ ಕೆಲವು ಸಲ ಒಂದು ತ್ರಿಕೋನದ ಗುರುತಿನಿಂದಲೇ ಹೇಳಿಬಿಡುತ್ತಾರೆ. ಅವರು ಓದಿದರು. ಲೇಬಲ್ ನೋಡಿದರು. ತಮ್ಮ ಪೆಟ್ಟಿಗೆಯಿಂದ ಅದೇ ಕಂಪನಿಯ ಇನ್ನೊಂದು ಪ್ಲೇಟು ತೆಗೆದು ಪಕ್ಕಕ್ಕೆ ಇಟ್ಟರು. ನನ್ನದರ ಅಕ್ಷರಗಳ ಅಂಚು ಮಬ್ಬು. ಅಸಲಿ ಲೇಬಲ್ಲಿನ ಫೋಟೊ ತೆಗೆದು ಮತ್ತೆ ಅಚ್ಚು ಹಾಕಿದ್ದು.

“ನಕಲಿ ಇದು. ಬೇಜಾರು ಮಾಡ್ಕೋಬೇಡ,” ಅಂದರು. ನನಗೆ ಬೇಜಾರಾಯಿತು, ದುಡ್ಡಿಗಿಂತ ಜಾಸ್ತಿ ಆ ಹಾಡಿನ ಮೇಲಿನ ಪ್ರೀತಿಗೆ. ಇಂಥ ರಾತ್ರಿಗಳಲ್ಲಿ ಡಿಜೆ ಅಸಲಿ ಪ್ಲೇಟನ್ನೇ ಹಾಕಬೇಕು ಅಂತ ಬಹಳ ಕಡೆ ಕಟ್ಟುನಿಟ್ಟು. ಯಾಕೆ ಅಷ್ಟು ಬಿಗಿ ಅಂತ ಕೇಳಿದೆ. “ನಕಲಿ ಮಾಡಿದವನು ಹಾಡಿದವರಿಗೆ ಒಂದು ಪೈಸೆ ಕೊಟ್ಟಿರಲ್ಲ. ಅಸಲಿ ಹುಡುಕಿದವನು ಕೊನೇಪಕ್ಷ ಅವರ ಹೆಸರನ್ನಾದರೂ ಹುಡುಕಿರ್ತಾನೆ.” ಆ ಮಾತು ನನಗೆ ಸರಿ ಅನ್ನಿಸಿತು.

ಕವರ್-ಅಪ್ ಬಗ್ಗೆ ಹೇಳಿದವರೂ ಅವರೇ. ಆಗಿನ ಡಿಜೆಗಳು ಅಪರೂಪದ ಪ್ಲೇಟು ಸಿಕ್ಕರೆ ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸುತ್ತಿದ್ದರು. ಬೇರೆ ಹೆಸರು ಕಟ್ಟಿ ಹೇಳುತ್ತಿದ್ದರು. ಬೇರೆ ಡಿಜೆ ಹುಡುಕಬಾರದು, ನಕಲಿ ಮಾಡೋರಿಗೂ ಸುಳಿವು ಸಿಗಬಾರದು. ಹಾಡು ಬೇಕಿದ್ದರೆ ಆ ಹಾಲ್‌ಗೇ ಬರಬೇಕು. ಬಂದರೆ ಎಲ್ಲರಿಗೂ ಉಂಟು. ನನಗೆ ತಕ್ಷಣ ಅಪ್ಪ ಕಣ್ಣ ಮುಂದೆ ಬಂದರು, ತೆಂಗಿನ ಮರದ ಮೇಲಿನ ಹಾರನ್ನೂ.

ಇದರಲ್ಲಿ ಎಲ್ಲರೂ ಹೇಳೋ ಕಥೆ ಫ್ರ್ಯಾಂಕ್ ವಿಲ್ಸನ್ ಅವರದು. 1965ರಲ್ಲಿ ಮೋಟೌನ್‌ಗೆ ಸೇರಿದ ಸೋಲ್ ಅನ್ನೋ ಬ್ರ್ಯಾಂಡಿಗೆ ಒಂದು ಹಾಡು ಹಾಡಿದರು. ಡೆಮೊ, ಅಂದರೆ ಬಿಡುಗಡೆಗೆ ಮುಂಚಿನ ಮಾದರಿ ಪ್ಲೇಟುಗಳೂ ಅಚ್ಚಾದವು. ಆದರೆ ಬಿಡುಗಡೆ ಆಗಲಿಲ್ಲ, ಪ್ಲೇಟುಗಳನ್ನು ನಾಶ ಮಾಡಿದರು. ವಿಲ್ಸನ್ ಹಾಡೋದು ಬಿಟ್ಟು ನಿರ್ಮಾಪಕರಾದರು. ಹೇಗೋ ಉಳಿದ ಒಂದು ಪ್ರತಿ 1970ರ ದಶಕದಲ್ಲಿ ಹೊರಗೆ ಬಂತು. ವಿಗನ್‌ನಲ್ಲಿ ಎಡ್ಡಿ ಫಾಸ್ಟರ್ ಅನ್ನೋ ಸುಳ್ಳು ಹೆಸರಿನಲ್ಲಿ ಅದನ್ನು ಹಾಕಿದರು. ಜನ ಹುಚ್ಚೆದ್ದು ಕುಣಿದರು. ಕೊನೆಗೆ 1979ರಲ್ಲಿ ಬ್ರಿಟನ್ನಿನಲ್ಲಿ ಅಧಿಕೃತವಾಗಿ ಬಿಡುಗಡೆ ಆಯಿತು. ಆದರೂ ಅಸಲಿ ಡೆಮೊ ಅಸಲಿಯೇ. 2009ರಲ್ಲಿ ಒಂದು ಪ್ರತಿ 25,742 ಪೌಂಡಿಗೆ ಹೋಯಿತು. 2020ರಲ್ಲಿ ಒಂದು ಲಕ್ಷ ಪೌಂಡಿಗೆ. ಏಳು ಇಂಚಿನ ಒಂದು ಪ್ಲೇಟಿಗೆ!

ಬೆಲೆ ಕೇಳಿ ನಾನು ಬೆರಗಾದೆ, ನಿಜ. ಆದರೆ ಆ ರಾತ್ರಿ ಅದೇ ಹಾಡು ಹಾಕಿದಾಗ ಆದದ್ದು ಬೇರೆ. ಬಾಲ್ಕನಿಯಲ್ಲಿ ಕೂತಿದ್ದವರೆಲ್ಲ ಮೆಟ್ಟಿಲು ಇಳಿದು ಓಡಿದರು. ಮಂಡಿ ನೋವು ಅಂತ ಕೂತಿದ್ದ ಯಜಮಾನರೂ ಎದ್ದರು. ನನ್ನ ತೋಳು ಹಿಡಿದು ನೆಲದ ನಡುವೆ ಕರೆದುಕೊಂಡು ಹೋದರು. “ಕಾಲು ಎತ್ತಬೇಡ, ಜಾರಿಸು,” ಅಂತ ಕಿವಿಯಲ್ಲಿ ಕೂಗಿದರು. ಪೌಡರ್ ವಾಸನೆ, ಬೆವರಿನ ವಾಸನೆ. ಸುಮಾರು ಅರವತ್ತು ವರ್ಷ ಹಿಂದೆ ಚೂರಾಗಿ ಹೋಗಬೇಕಿದ್ದ ಒಂದು ದನಿ ತಲೆ ಮೇಲೆ. ವಿಲ್ಸನ್ 2012ರಲ್ಲಿ ತೀರಿಕೊಂಡರು. ತಮ್ಮ ಹಾಡಿಗೆ ಇಂಥ ಊರುಗಳಲ್ಲಿ ಹೀಗೊಂದು ಬಾಳು ಬಂತು ಅಂತ ಅವರಿಗೆ ಬದುಕಿದ್ದಾಗಲೇ ಗೊತ್ತಾಯಿತು. ಅದು ನನಗೆ ದೊಡ್ಡ ಸಮಾಧಾನ. ಎಷ್ಟೋ ಜನರಿಗೆ ಅದು ಸಿಗಲಿಲ್ಲ.

ಬೆಳಗಿನ ಜಾವ ಕೊನೇ ಹೊತ್ತಿಗೆ ಡೀನ್ ಪ್ಯಾರಿಷ್ ಅವರ ಹಾಡು ಬಂತು. ವಿಗನ್‌ನಲ್ಲಿ ಎಂಟು ಗಂಟೆಗೆ ಮುಂಚೆ ಪ್ರತಿ ಸಲ ಮೂರು ಹಾಡು ಹಾಕಿ ಮುಗಿಸುತ್ತಿದ್ದರು, ಅದರಲ್ಲಿ ಕೊನೆಯದು ಇದು. ನಮ್ಮ ಮಂಗಳ ಇದ್ದ ಹಾಗೆ. ಅಪರಿಚಿತರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹೊರಗೆ ಬಂದರೆ ಸಣ್ಣ ಮಳೆ, ರಸ್ತೆ ಖಾಲಿ. ಬೆಳಕು ಆಗಲೇ ಹರಿದಿತ್ತು.

ತಿಂಡಿಗೆ ಓಟ್‌ಕೇಕ್ ತಿಂದೆವು. ಹೆಸರು ಕೇಕ್, ನೋಡಿದರೆ ನಮ್ಮ ಮೆತ್ತನೆ ದೋಸೆ. ಓಟ್ಸ್ ಹಿಟ್ಟಿಗೆ ಯೀಸ್ಟ್ ಹಾಕಿ ಹುದುಗಿಸಿ, ಬಿಸಿ ಕಬ್ಬಿಣದ ಹಂಚಿನ ಮೇಲೆ ಹುಯ್ದು, ಚೀಸ್ ಇಟ್ಟು ಮಡಚಿ ಕೊಡ್ತಾರೆ. ಹಸಿದ ಹೊಟ್ಟೆಗೆ ಅಮೃತ. ಮೂರು ತಿಂದೆ. ಯಜಮಾನರು ಟೇಬಲ್ ಮೇಲೆ ತಲೆ ಇಟ್ಟು ಹತ್ತು ನಿಮಿಷ ನಿದ್ದೆ ಮಾಡಿದರು.

ವಾಪಸ್ಸು ಬಂದ ಮಾರನೇ ದಿನ ಸಂಜೆ ಅವರ ಮನೆಗೆ ಹೋದೆ. ಊರಿಂದ ಬರುವಾಗ ಅಪ್ಪನ ಪೆಟ್ಟಿಗೆಯಿಂದ ಇಪಿ ಅನ್ನೋ ಒಂದು ಸಣ್ಣ ಪ್ಲೇಟು ತಂದಿದ್ದೆ, ಪಿ.ಬಿ. ಶ್ರೀನಿವಾಸ್ ಹಾಡಿದ್ದು. ಅಕ್ಕನಿಗೆ ಕೊಡೋಣ ಅಂತ ತಂದದ್ದು, ಅವಳ ಮನೆಯಲ್ಲಿ ಹಾಕೋಕೆ ಏನೂ ಇಲ್ಲ. ಯಜಮಾನರು ಅದನ್ನು ಎರಡು ಅಂಗೈ ನಡುವೆ ಅಂಚಿನಲ್ಲಿ ಹಿಡಿದರು. ಕಿಟಕಿ ಹತ್ತಿರ ಹೋಗಿ, ಬೆಳಕಿಗೆ ಓರೆ ಮಾಡಿ, ಆ ನುಣುಪು ಜಾಗದ ನಂಬರ್ ಓದಿದರು. “ಎಲ್ಲಿ ಅಚ್ಚು ಹಾಕಿದ್ದು ಇದು?” ಅಂತ ಕೇಳಿದರು. ಕಲ್ಕತ್ತಾದ ಡಮ್‌ಡಮ್‌ನಲ್ಲಿ ಕಾರ್ಖಾನೆ ಇತ್ತು ಅಂದೆ. ಲೇಬಲ್ ಮೇಲೆ ಮೂಲೆಯಲ್ಲಿ ಅಪ್ಪನ ಕೈಬರಹ: ಅಂಗಡಿಯ ಹೆಸರು, ಪ್ಲೇಟಿನ ನಂಬರ್ 112. ಅದನ್ನೂ ಹೆಬ್ಬೆರಳಿನಿಂದ ಸವರಿ ನೋಡಿದರು.

ಮುಳ್ಳು ಇಟ್ಟರು. ಗೊರಗೊರ ಅಂತು, ಆಮೇಲೆ ಪಿಟೀಲು, ಆಮೇಲೆ ದನಿ. ಅವರು ಕುರ್ಚಿಯ ತುದಿಯಲ್ಲಿ ಕೂತು ಕಣ್ಣು ಮುಚ್ಚಿದರು. ಹಾಡು ಮುಗಿದರೂ ಸ್ವಲ್ಪ ಹೊತ್ತು ಮುಳ್ಳು ಹಾಗೇ ಸುತ್ತುತ್ತಿತ್ತು.

“ಇನ್ನೊಂದು ಮಗ್ಗಲಲ್ಲಿ ಏನಿದೆ?” ಅಂತ ಕೇಳಿ, ಪ್ಲೇಟು ತಿರುವಿ ಹಾಕಿದರು.